ತಪ್ಪಾತ್ರಿ ಎಂದರೆ ಏನು

೨೦೦೫ರಲ್ಲಿ ನಾನು ಲಾಸ್ ಏಂಜಲೀಸ್‌ನಲ್ಲಿದ್ದುಕೊಂಡು ಕೋರ್ಟು, ಪೊಲೀಸರ ಕೆಲಸಕ್ಕೆ ಕನ್ನಡದ ಇಂಟರ್‌ಪ್ರಿಟರ್, ಅಂದರೆ ದುಭಾಷಿಯಾಗಿದ್ದೆ. ಕನ್ನಡಕ್ಕೆ ಕರೆ ಬರುವುದೇ ಅಪರೂಪ. ಬೆಂಗಳೂರಿನವಳು ನಾನು, ನನಗೆ ತಿಳಿಯದ ಕನ್ನಡ ಯಾವುದಿದೆ ಎಂಬ ಕೊಬ್ಬು ಬೇರೆ.

ಆ ಸಲ ಸ್ಯಾನ್ ಡಿಯಾಗೋಗೆ ಕರೆದರು. ಗದಗಿನ ಶಿವಪ್ಪ ಅಲ್ಲೊಂದು ಹೋಟೆಲಿನ ಅಡುಗೆಯವರು, ಐವತ್ತು ದಾಟಿದವರು. ಅವರ ಬಾಂಡ್ಲಿಯ ಕಾದ ಎಣ್ಣೆ ಜೊತೆಗಾರನ ಮೈಮೇಲೆ ಬಿದ್ದಿತ್ತು. ಹಿಂದಿನ ದಿನವೇ ಇಬ್ಬರಿಗೂ ಜಗಳವಾಗಿತ್ತಂತೆ. ಬೇಕಂತಲೇ ಎರಚಿದಿರಾ ಎಂದು ಪೊಲೀಸರು ಕೇಳಿದರು. ಶಿವಪ್ಪ ಕೈಮುಗಿದು ಅತ್ತರು. "ತಪ್ಪಾತ್ರಿ ಅಕ್ಕಾರ, ತಪ್ಪಾತ್ರಿ."

"ನಾನು ತಪ್ಪು ಮಾಡಿದೆ" ಎಂದು ಇಂಗ್ಲಿಷಿಗೆ ತಿರುಗಿಸಿಬಿಟ್ಟೆ. ಆಮೇಲೆ ಬಾಂಡ್ಲಿ ಜಾರಿತು ಎಂದು ಅವರು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಸು ಹಾಕಿ ಜೈಲಿಗೆ ಕಳಿಸಿದರು.

ಕೆಲವು ವಾರಗಳ ಮೇಲೆ ಲಾಸ್ ಏಂಜಲೀಸ್ ಪಕ್ಕದ ಡೈಮಂಡ್ ಬಾರ್ ಎಂಬ ಊರಿನ ಒಂದು ಪೂಜೆಯಲ್ಲಿ ಧಾರವಾಡದ ಆಂಟಿಯೊಬ್ಬರ ಕಾಲು ನನಗೆ ತಾಗಿತು. "ತಪ್ಪಾತ್ರಿ" ಎನ್ನುತ್ತ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಯ್ಯೋ, ಅದು ಕ್ಷಮಿಸಿ ಎನ್ನುವ ಮಾತು. ಅದನ್ನು ನಾನು ತಪ್ಪೊಪ್ಪಿಗೆ ಮಾಡಿದ್ದೆ.

ಮರುದಿನವೇ ಶಿವಪ್ಪನವರ ಪರ ವಾದಿಸಲು ಸರ್ಕಾರ ಕೊಟ್ಟಿದ್ದ ವಕೀಲರ ಬಳಿಗೆ ಓಡಿ ನನ್ನ ತಪ್ಪನ್ನು ಹೇಳಿದೆ. ಆಕೆ ಸುಸ್ತಾಗಿದ್ದರು. "ಹೋರಾಡಬಹುದು. ಆದರೆ ಬೇಲ್ ಕಟ್ಟಲು ಅವರಿಗೆ ಆಗಲ್ಲ, ವಿಚಾರಣೆ ಮುಗಿಯುವವರೆಗೆ ಒಳಗೇ ಇರಬೇಕು. ಸೋತರೆ ನಾಲ್ಕು ವರ್ಷ. ಪ್ಲೀ ಒಪ್ಪಿದರೆ ಎರಡು." ಪ್ಲೀ ಅಂದರೆ, ವಿಚಾರಣೆಯೇ ಬೇಡವೆಂದು ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ರಾಜಿ. "ಲಕ್ಷಕ್ಕೆ ಏಳುನೂರಕ್ಕೂ ಹೆಚ್ಚು ಜನ ಒಳಗಿರುವ ದೇಶ ಇದು. ಶಿಕ್ಷೆಯಾದವರಲ್ಲಿ ಬಹುಪಾಲು ಟ್ರಯಲ್ಲೇ ಕಂಡಿಲ್ಲ" ಎಂದರು. ಭಾರತದಲ್ಲಿ ಆಗ ಆ ಲೆಕ್ಕ ಮೂವತ್ತರ ಆಸುಪಾಸು. ನಮ್ಮದೇನು ಹೆಚ್ಚುಗಾರಿಕೆಯಲ್ಲ, ಅಲ್ಲಿ ಬಹುಪಾಲು ಕೈದಿಗಳು ವಿಚಾರಣೆಗೆ ಕಾಯುತ್ತಲೇ ಕೊಳೆಯುತ್ತಾರೆ.

ನನ್ನ ತಪ್ಪನ್ನು ಶಿವಪ್ಪನವರಿಗೂ ಹೇಳಿದೆ. ಅವರು ಬೈಯಲಿಲ್ಲ. ನಾಲ್ಕು ಎಂಬ ಸಂಖ್ಯೆಗೆ ಹೆದರಿಹೋಗಿದ್ದರು.

ಕೋರ್ಟಿನಲ್ಲಿ ನ್ಯಾಯಾಧೀಶರು ಪ್ಲೀಗೆ ಒಪ್ಪಿಗೆಯೇ ಎಂದು ಕೇಳಿದರು. ಶಿವಪ್ಪ ನನ್ನತ್ತ ತಿರುಗಿದರು. "ಏನ್ ಅನ್ನಲ್ರೀ ಅಕ್ಕಾರ?"

ದುಭಾಷಿ ಸಲಹೆ ಕೊಡುವಂತಿಲ್ಲ. ಆ ಪ್ರಶ್ನೆಯನ್ನೂ ಇಂಗ್ಲಿಷಿಗೆ ತಿರುಗಿಸಿ ನ್ಯಾಯಾಧೀಶರಿಗೆ ಹೇಳಿದೆ. ವಕೀಲರ ಜೊತೆ ಮಾತಾಡಿ ಎಂದರು. ಮಾತಾಡಿದ ಮೇಲೆ ಶಿವಪ್ಪ ತಲೆ ತಗ್ಗಿಸಿ "ಹೂಂ ರೀ" ಅಂದರು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು: ಇನ್ನೇನು ಮಾಡಲಿ.

ನಾನು "ಯೆಸ್" ಅಂದೆ. ಗೊತ್ತಿಲ್ಲದ ಮಾತನ್ನು ಮತ್ತೊಮ್ಮೆ ಕೇಳಬೇಕು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿತು. ಕಲಿತದ್ದು ನಾನು, ಎರಡು ವರ್ಷ ಒಳಗಿದ್ದದ್ದು ಅವರು.