ನಡುವಿನ ಗಾಂಧಾರ

ಹಾರ್ಮೋನಿಯಂ ರಿಪೇರಿ ಅಂಗಡಿಯಲ್ಲಿ ತನ್ನ ದೊಡ್ಡಪ್ಪನ ಕೈಕೆಳಗೆ ಸಂಬಳಕ್ಕಿದ್ದ ಆ ಯುವಕನಿಗೆ ‘ಶ್ರುತಿಶೂರ’ ಎಂಬ ಬಿರುದನ್ನು ದೊಡ್ಡಪ್ಪನೇ ಕೊಟ್ಟಿದ್ದ. ಹೊಗಳಿ ಕೊಟ್ಟದ್ದಲ್ಲ. ಮೊಬೈಲಿನ ಶ್ರುತಿಮಾಪಕದಲ್ಲಿ ಹಸಿರು ದೀಪ ಹತ್ತಿದರೆ ಸ್ವರ ಸರಿ, ಹತ್ತದಿದ್ದರೆ ತಪ್ಪು. ಶೂರನ ಸಂಗೀತಜ್ಞಾನ ಅಲ್ಲಿಗೆ ಮುಗಿಯಿತು.

ಅಂದು ಗಾಯಕಿಯೊಬ್ಬರ ಹಾರ್ಮೋನಿಯಂ ತಿದಿಯ ತೂತು ಮುಚ್ಚಿಸಿಕೊಳ್ಳಲು ಬಂದಿತ್ತು. ಅದರ ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವೆ ತೂಗಾಡುತ್ತಿತ್ತು. ಪಾಪ, ಯಾರೂ ನೋಡಿಲ್ಲವೆಂದು ಕನಿಕರಪಟ್ಟು ಶೂರ ಲೋಹ ಉಜ್ಜುವ ಅರ ಕೈಗೆತ್ತಿಕೊಂಡ. ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ತುದಿ ಉಜ್ಜಿದ. ಹಸಿರು ದೀಪ ಹತ್ತಿತು.

ಊಟ ಮುಗಿಸಿ ಬಂದ ದೊಡ್ಡಪ್ಪ ಕೇಳಿದ: “ಆ ಗಾಂಧಾರ ಮುಟ್ಟಿಲ್ಲ ತಾನೇ?”

“ಸರಿ ಮಾಡ್ದೆ ದೊಡ್ಡಪ್ಪ.”

“ಅಯ್ಯೋ ನಿನ್ನ! ಅವರು ಹಾಡೋದೇ ಆ ನಡುವಿನ ಜಾಗದಲ್ಲಿ ಕಣೋ. ಸಾಯಂಕಾಲ ಕಛೇರಿ ಇದೆ. ಅಷ್ಟರಲ್ಲಿ ಅದು ಮೊದಲಿನ ಹಾಗೆ ಆಗ್ಲಿಲ್ಲ ಅಂದ್ರೆ ನೀನು ಬೇರೆ ಕೆಲಸ ನೋಡ್ಕೋ.”

ಶೂರ ಮತ್ತೆ ಅರ ಹಿಡಿದು ಕೂತ. ಬುಡ ಉಜ್ಜುವಾಗ ಒಂದೆಳೆ ಹೆಚ್ಚಾದರೂ ಪಟ್ಟಿ ಮುರಿದೇ ಹೋಗುತ್ತದೆ. ಅದಿರಲಿ, ಎಲ್ಲಿಗೆ ಇಳಿಸುವುದು? ಮೊಬೈಲಿನ ಪಾಲಿಗೆ ಅಂಥದ್ದೊಂದು ಸ್ವರ ಹುಟ್ಟಿಯೇ ಇರಲಿಲ್ಲ. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದ. ಕೊನೆಗೊಂದು ಸದ್ದು ಒಳಗೇ ಬಂತು. ದೊಡ್ಡಪ್ಪನಿಗೆ ಥಟ್ಟನೆ ಹಿಂದಿನ ಕೋಣೆಯಲ್ಲಿ ಏನೋ ಕೆಲಸ ನೆನಪಾಯಿತು.

ಗಾಯಕಿ ಕೀ ಒತ್ತಿ ಮುಖ ಕಿವುಚಿದರು. “ಯಾರಪ್ಪಾ ಈ ಉಪಕಾರ ಮಾಡಿದ್ದು?”

“ನಾನೇ ಅಮ್ಮ,” ಎಂದ ಶೂರ, ಅರವನ್ನು ಬೆನ್ನ ಹಿಂದೆ ಮರೆಮಾಡುತ್ತ.

ಅವರು ಬೈಯಲಿಲ್ಲ. ಅವನಿಗೆ ಅದೇ ಇನ್ನಷ್ಟು ಭಯ ತಂದಿತು. “ನಾನು ಹಾಡ್ತೀನಿ, ನೀನು ಇಳಿಸ್ತಾ ಬಾ,” ಎಂದು ಪಕ್ಕದಲ್ಲೇ ನಿಂತರು.

ಉಜ್ಜುವುದು, ಪಟ್ಟಿ ಕೂರಿಸುವುದು, ಒತ್ತಿ ಕೇಳುವುದು. ಅವರ ದನಿಗೂ ಪಟ್ಟಿಯ ದನಿಗೂ ನಡುವೆ ಒಂದು ಅಲುಗಾಟವಿತ್ತು, ಎರಡು ಸ್ವರ ಕೂಡದಾಗ ಕೇಳುವಂಥದ್ದು. ಸಲದಿಂದ ಸಲಕ್ಕೆ ಅದು ನಿಧಾನವಾಗುತ್ತ ಬಂತು. ಒಂದು ಸಲ ಒತ್ತಿದಾಗ ಅಲುಗಾಟವೇ ಇಲ್ಲ. ಕೋಮಲವೂ ಅಲ್ಲ, ಶುದ್ಧವೂ ಅಲ್ಲ; ತಪ್ಪು ಮಾತ್ರ ಖಂಡಿತ ಅಲ್ಲ. ಮೊಬೈಲಿನಲ್ಲಿ ಕೆಂಪು ದೀಪ.

“ನಿಲ್ಸು. ಇದೇ.” ಶೂರ ಉಸಿರು ಬಿಡುವ ಮೊದಲೇ ಅವರು ಕೇಳಿದರು, “ಒಂದು ಕೀಗೆ ಎರಡು ಪಟ್ಟಿ ಇರುತ್ತಲ್ಲ, ಮಂದ್ರದ್ದೂ ಒಂದು? ಅದನ್ನೂ ಉದ್ಧಾರ ಮಾಡಿದ್ದೀಯಾ?”

ಶೂರ ತಲೆ ತಗ್ಗಿಸಿ ಮತ್ತೆ ಅರಕ್ಕೆ ಕೈ ಹಾಕಿದ.

ಅವರು ಸ್ಟೂಲು ಎಳೆದು ಕೂತರು. “ಫ್ಯಾನ್ ಆರಿಸು. ನಂಗೆ ಕೇಳಿಸ್ಬೇಕು.”