ಇದು ಖಾರದ ಉರಿಯಲ್ಲ ಅಂದವರು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿ. ಗುಳಿಗೆ ಹಾಕಿಕೊಡುವ ಪ್ರತಿ ಕಾಗದದ ಚೀಲದ ಮೇಲೂ ದಪ್ಪ ಪೆನ್ನಿನಿಂದ ‘ಮುಂಜಾನೆ, ಉಂಡ ಮೇಲೆ’ ಎಂದು ದೊಡ್ಡದಾಗಿ ಬರೆದು, ಶಾಯಿ ಆರುವ ಮೊದಲೇ ಹೆಬ್ಬೆರಳಿನಿಂದ ಒತ್ತಿ ಮಡಚುತ್ತಿದ್ದರು. ಆಮೇಲೆ ಅದನ್ನು ನಮ್ಮಿಂದಲೇ ಓದಿಸುತ್ತಿದ್ದರು. ಓದಲು ಬಾರದ ಮುದುಕಿಯರಿಗೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡುತ್ತಿದ್ದರು. ಅವರ ಚಂದ್ರ ಥೇಟ್ ಬಾಳೆಹಣ್ಣು!

ಬ್ಯಾಡಗಿ ಪೇಟೆಯ ಹತ್ತಿರದ ಆ ಔಷಧಿ ಅಂಗಡಿಗೆ ಅವರು ದಿನಾ ರಾಣೆಬೆನ್ನೂರಿನಿಂದ ಬರುತ್ತಿದ್ದರು. ಊರಿಗೆಲ್ಲ ಅವರು ‘ಔಷಧಿ ಅಕ್ಕಾರು’. ಸುಗ್ಗಿಯಲ್ಲಿ ಮೆಣಸಿನಕಾಯಿ ಘಾಟು ಊರು ತುಂಬಿದಾಗ ಮಾತಿನ ನಡುವೆಯೇ ನಾಲ್ಕು ಸಲ ಸೀನಿ, ‘ಶಿವಾ’ ಎಂದು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ಯಾರಾದರೂ ಬಂದು "ನಿಶ್ಯಕ್ತಿ ಅಕ್ಕಾರ, ಒಂದು ವಿಟಮಿನ್ ಗುಳಿಗಿ ಕೊಡ್ರಿ" ಅಂದರೆ ಮೊದಲ ಪ್ರಶ್ನೆ, "ನಿನ್ನೆ ಏನ್ ಉಂಡ್ರಿ?"

"ಗುಳಿಗಿ ಕೊಡ್ತೀರೋ, ಪಂಕ್ತಿ ಹಾಕ್ತೀರೋ ಅಕ್ಕಾರ?" ಎಂದು ಹಮಾಲರು ಚೇಷ್ಟೆ ಮಾಡುತ್ತಿದ್ದರು. "ಉಣ್ಣೂದು ಸರಿ ಇದ್ರ ನನ್ನ ಅಂಗಡಿ ಬಂದ್ ಆಕ್ಕೈತಿ, ಅದಕ್ಕ ಕೇಳ್ತೇನಿ" ಅನ್ನುತ್ತಿದ್ದರು ಅವರು.

ನನ್ನನ್ನು ಅವರು ಈ ಪ್ರಶ್ನೆ ಕೇಳದೆ ಬಿಟ್ಟದ್ದು ಒಂದೇ ದಿನ. ಆ ದಿನದ ಕಥೆಯನ್ನೇ ನಾನು ಹೇಳಬೇಕಾಗಿರುವುದು.

ನಾನು ದಲಾಲಿ ಅಂಗಡಿಯೊಂದರಲ್ಲಿ ಮಾಲು ನೋಡುವವನು. ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಕಾಯಿ ಹೊರಗೆ ತೆಗೆದು, ಮೆತ್ತಗೆ ಅಮುಕಿ, ಇದು ಒಣಗಿದ್ದು, ಇದು ಹಸಿ ಎಂದು ಹೇಳುವುದು ನನ್ನ ಕೆಲಸ. ಹಸಿ ಮಾಲನ್ನು ಒಣ ಮಾಲೆಂದು ಕೋಲ್ಡ್ ಸ್ಟೋರೇಜಿಗೆ ಕಳಿಸಿದರೆ ಬೂಸು ಹಿಡಿಯುತ್ತದೆ, ನನ್ನ ಮಾನ ಹೋಗುತ್ತದೆ. ಹತ್ತೊಂಬತ್ತು ವರ್ಷ ನನ್ನ ಕೈ ಸುಳ್ಳು ಹೇಳಿರಲಿಲ್ಲ. ಆ ಸೊಕ್ಕು ನನಗೂ ಇತ್ತು, ಮುಚ್ಚಿಡುವುದೇಕೆ?

ಒಂದು ವರ್ಷ ಸುಗ್ಗಿಯಲ್ಲಿ ವಿಪರೀತ ಸುಸ್ತು. ಮುಖ ಬಿಳುಚಿತು, ಎರಡು ಚೀಲ ನೋಡುವಷ್ಟರಲ್ಲಿ ಏದುಸಿರು. ನನ್ನ ಹೆಂಡತಿಯ ತಮ್ಮ ಮೊಬೈಲಿಗೆ ದಿನಕ್ಕೊಂದು ವಿಡಿಯೋ ಕಳಿಸುತ್ತಿದ್ದ. ಅದರಲ್ಲೊಬ್ಬ ಮಾರುದ್ದದ ರಟ್ಟೆ ತೋರಿಸಿ, ರಕ್ತ ಹೆಚ್ಚಿಸುವ ಗುಳಿಗೆಯ ಹೆಸರು ಹೇಳುತ್ತಿದ್ದ. ಪೇಟೆ ದಿನ, ಅಕ್ಕಾರ ಅಂಗಡಿ ಮುಂದೆ ಕಾಲಿಡಲು ಜಾಗವಿಲ್ಲ. ನಾನು ದೂರದಿಂದಲೇ ಹೆಸರು ಕೂಗಿದೆ, ಅವರು ಸೀನುತ್ತಲೇ ಬಾಟ್ಲಿ ಚಾಚಿದರು. ಮುಂದಿನ ತಿಂಗಳು ಹಾವೇರಿಗೆ ಹೋದಾಗ ಅಲ್ಲಿಂದಲೇ ಇನ್ನೊಂದು ಬಾಟ್ಲಿ ತಂದೆ.

ಸುಸ್ತು ಹೋಯಿತು ಅನ್ನಿ. ಹಾವೇರಿಯಲ್ಲಿ ತಪಾಸಣೆ ಮಾಡಿಸಿದರೆ, ರಕ್ತ ಚಲೋ ಏರಿದೆ ಅಂದರು. ಮೀಸೆ ತಿರುವುತ್ತ ಬಂದೆ.

ಆದರೆ ಕೈ ಜುಮುಗುಡಲು ಶುರುವಾಯಿತು. ಬೆರಳ ತುದಿ ಉರಿ. ಬ್ಯಾಡಗಿಯಲ್ಲಿ ಕೈ ಉರಿಯುತ್ತದೆ ಅಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಇಲ್ಲಿ ಕೂಸಿನಿಂದ ಮುದುಕರವರೆಗೆ ಎಲ್ಲರ ಕೈಗೂ ಖಾರ ಹತ್ತಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದೆ, ಮಜ್ಜಿಗೆಯಲ್ಲಿ ಕೈ ಅದ್ದಿದೆ. ಅಂಗಾಲೂ ಉರಿಯತೊಡಗಿದಾಗ ಕಾಲಿಗೂ ಅದೇ ಎಣ್ಣೆ. ಆಮೇಲೆ ಉರಿ ಹೋಗಿ ಮರಗಟ್ಟಿತು. ಉರಿ ಕಡಿಮೆಯಾಯಿತೆಂದು ಖುಷಿಪಟ್ಟೆ ನಾನು, ಹುಚ್ಚ! ಹತ್ತಿಯ ಮೇಲೆ ನಡೆದಂತೆ ಅನ್ನಿಸುತ್ತಿತ್ತು. ಕಾಲು ನೋಡಿಕೊಂಡೇ ಹೆಜ್ಜೆ ಇಡಬೇಕಾಗಿತ್ತು. ಒಂದು ದಿನ ಹಸಿ ಮಾಲನ್ನು ಒಣಗಿದ್ದೆಂದುಬಿಟ್ಟೆ. ಮಾಲಕರು ಬೈಯಲಿಲ್ಲ, ಸುಮ್ಮನೆ ನನ್ನ ಕೈಯನ್ನೇ ನೋಡಿದರು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಕೈ ಹೋದರೆ ನಾನು ಯಾರು ಎಂದು ಆವತ್ತು ಮೊದಲ ಸಲ ಹೆದರಿದೆ.

ಮೂರನೇ ಬಾಟ್ಲಿಗೆಂದು ಅಂಗಡಿಗೆ ಹೋದೆ. ಆವತ್ತು ಗದ್ದಲವಿರಲಿಲ್ಲ. ಅಕ್ಕಾರು ಬಾಟ್ಲಿಗೆ ಕೈ ಚಾಚಿದವರು ಅಲ್ಲೇ ನಿಂತರು.

"ಸಾಹೇಬ್ರ, ಎಡಗಾಲಿನ ಚಪ್ಪಲಿ ಎಲ್ಲಿ?"

ಕೆಳಗೆ ನೋಡಿದೆ. ಇರಲಿಲ್ಲ. ಪೇಟೆ ಗೇಟಿನಿಂದ ಅಲ್ಲಿಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ನಗಲು ಹೋದೆ, ನಗು ಬರಲಿಲ್ಲ.

"ಖಾರ ಹತ್ತೇತ್ರಿ ಅಕ್ಕಾರ, ಕೈಕಾಲು ಜುಮುಗುಡ್ತಾವು" ಅಂದೆ.

"ಕೈ ಉರದ್ರ ಖಾರ ಅನ್ರಿ, ಒಪ್ಪತೇನಿ. ನೀವೇನು ಕಾಲಿಲೆ ಮೆಣಸಿನಕಾಯಿ ಮುಟ್ಟಿ ನೋಡ್ತೀರೇನು? ಇದು ಖಾರದ ಉರಿ ಅಲ್ಲ. ಒಳಗ ಬರ್ರಿ, ಕುಂದರ್ರಿ."

ಆಗ ಕೇಳಿದರು, ಏನು ಉಣ್ಣುತ್ತೀರಿ ಎಂದು. ರೊಟ್ಟಿ, ಪಲ್ಯ, ಬ್ಯಾಳಿ. ಮೊಟ್ಟೆ, ಮಾಂಸ ಮನೆಯಲ್ಲೇ ಇಲ್ಲ. ಹಾಲು, ಮೊಸರು ನನಗೆ ಮೊದಲಿನಿಂದಲೂ ಸೇರುವುದಿಲ್ಲ, ವಾಸನೆಗೇ ವಾಕರಿಕೆ. ಹೊಟ್ಟೆ ಉರಿಗೆ ಐದಾರು ವರ್ಷದಿಂದ ದಿನಾ ಒಂದು ಗ್ಯಾಸಿನ ಗುಳಿಗೆ. ಅವರು ಬಾಟ್ಲಿಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಹಿಂದಿನ ಸಣ್ಣ ಅಕ್ಷರ ಓದಿದರು. ಮುಖ ಸಣ್ಣದಾಯಿತು.

"ಇದನ್ನ ನಾನ ಕೊಟ್ಟೇನಿ. ಕೇಳದ ಕೊಟ್ಟೇನಿ. ತಪ್ಪು ನಂದೈತಿ."

"ಅಯ್ಯ, ಕೇಳಿದಾಂವ ನಾನ ಅಲ್ಲೇನ್ರಿ ಅಕ್ಕಾರ..."

"ನೀವು ಕೇಳಾವ್ರ. ತಡೀಬೇಕಾದಾಕಿ ನಾನು."

ಶಟರ್ ಎಳೆದರು. ಹಾಡುಹಗಲೇ ಆ ಅಂಗಡಿ ಮುಚ್ಚಿದ್ದನ್ನು ಊರು ಅದೇ ಮೊದಲು ನೋಡಿತು. ನನ್ನನ್ನು ರಾಣೆಬೆನ್ನೂರಿನ ನರದ ಡಾಕ್ಟರ ಹತ್ತಿರ ಬಸ್ಸಿನಲ್ಲಿ ತಾವೇ ಕರೆದುಕೊಂಡು ಹೋದರು.

ಹಾಲು, ಮೊಟ್ಟೆ, ಮಾಂಸ ಒಂದೂ ಇಲ್ಲದ ಊಟ, ಮೇಲೆ ವರ್ಷಗಟ್ಟಲೆ ಗ್ಯಾಸಿನ ಗುಳಿಗೆ; ಬಿ-ಹನ್ನೆರಡು ವಿಟಮಿನ್ ತಳ ಕಂಡಿತ್ತು. ಡಾಕ್ಟರು ಬಿಡಿಸಿ ಹೇಳಿದರು: ಆ ಗುಳಿಗೆಯಲ್ಲಿದ್ದ ಫೋಲಿಕ್ ಆಸಿಡ್ ರಕ್ತವನ್ನು ರಿಪೇರಿ ಮಾಡಿತ್ತು, ಆದರೆ ನರಕ್ಕೆ ಬೇಕಾದ ಬಿ-ಹನ್ನೆರಡು ಅದರಲ್ಲಿ ಹೆಸರಿಗಷ್ಟೇ ಇತ್ತು. ಮೇಲೆ ರಕ್ತ ಚಲೋ ಕಂಡಿದ್ದರಿಂದ ಒಳಗೆ ನರ ಸವೆಯುವುದು ಯಾರಿಗೂ ತಿಳಿಯಲಿಲ್ಲ. "ಇಂಜೆಕ್ಷನ್ ಕೊಡೂಣು. ಕೈ ಬರಬಹುದು. ಕಾಲಿನ ಮಾತು ಈಗ ಹೇಳಾಕ ಆಗೂದಿಲ್ಲ. ಇನ್ನ ತಡಾ ಮಾಡಿದ್ರ ಎರಡೂ ಕಷ್ಟ ಇತ್ತು" ಅಂದರು. ಅಕ್ಕಾರು ಗೋಡೆಗೆ ಒರಗಿ ನಿಂತಿದ್ದರು.

ಕೈ ಬಂತು. ಎರಡು ತಿಂಗಳಲ್ಲಿ ಕಾಯಿ ಅಮುಕಿದರೆ ಹಸಿ, ಒಣ ತಿಳಿಯತೊಡಗಿತು. ನನಗೋ ಹಿಡಿಸಲಾರದಷ್ಟು ಖುಷಿ. ವಿಟಮಿನ್ ಅಂದರೆ ಅಮೃತ, ಎಲ್ಲರಿಗೂ ಕುಡಿಸಬೇಕು ಅನ್ನಿಸಿತು. ಗುತ್ತಲದಲ್ಲಿರುವ ನನ್ನ ಅಕ್ಕನಿಗೆ ಮೊಣಕಾಲು ನೋವು. "ಡಿ ವಿಟಮಿನ್ ಪುಡಿ ಒಂದು ತಿಂಗಳದ್ದು ಕೊಡ್ರಿ, ದಿನಾ ಹಾಲಿನಾಗ ಹಾಕ್ಕೊಂಡು ಕುಡೀಲಿ" ಎಂದು ಅಕ್ಕಾರ ಮುಂದೆ ನಿಂತೆ.

"ವಾರಕ್ಕೊಂದು ಕುಡಿಯೂದನ್ನ ದಿನಾ ಕುಡಿಸಿ ಅವರ ಕಿಡ್ನಿ ಕೆಡಸ್ತೀರೇನು?" ಎಂದು ಸಿಡಿದರು. "ನಿಮಗ ಕಡಿಮಿ ಇತ್ತು, ತುಂಬಿದ್ವಿ. ಅವರಿಗೆ ಕಡಿಮಿ ಐತೋ ಇಲ್ಲೋ ಮೊದಲ ತಪಾಸ ಮಾಡಸ್ರಿ. ಇಷ್ಟಾದ ಮ್ಯಾಲೂ ಬುದ್ಧಿ ಬರಲಿಲ್ಲಲ್ರೀ ನಿಮಗ!" ಬಾಲ ಮುದುರಿಕೊಂಡು ಬಂದೆ. ಅಕ್ಕನಿಗೆ ತಪಾಸಣೆ ಮಾಡಿಸಿದೆವು. ಡಿ ಸಾಕಷ್ಟು ಇತ್ತು, ಸವೆದದ್ದು ಮೊಣಕಾಲಿನ ಕೀಲು.

ಕಾಲು ಮಾತ್ರ ಬರಲಿಲ್ಲ. ಮೂರು ತಿಂಗಳು, ನಾಲ್ಕು, ಐದು. ಇಂಜೆಕ್ಷನ್ ಕೊಳ್ಳಲು ಅಂಗಡಿಗೆ ಹೋದಾಗಲೆಲ್ಲ ಅಕ್ಕಾರು, "ಏನರ ಗೊತ್ತಾಕೈತೇನು?" ಎಂದು ಕೇಳುತ್ತಿದ್ದರು. ಇಲ್ಲ ಅನ್ನಲು ನನಗೇ ಸಂಕಟ. ಅಷ್ಟರಲ್ಲಿ ಘಾಟಿಗೆ ಎದೆ ಕಟ್ಟಿ ಅವರು ಅಂಗಡಿ ಬಿಟ್ಟು ರಾಣೆಬೆನ್ನೂರಿನ ಮನೆಯಲ್ಲೇ ಉಳಿದರು. ಫೋನಿನಲ್ಲೂ ಅದೇ ಪ್ರಶ್ನೆ.

ಆರು ತಿಂಗಳಾದ ಮೇಲೆ ಒಂದು ಶನಿವಾರ ನಾನು, ನನ್ನ ಹೆಂಡತಿ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋಗಿದ್ದೆವು. ಮಟಮಟ ಮಧ್ಯಾಹ್ನ. ಚಪ್ಪಲಿ ಬಿಟ್ಟು ಗುಡಿಯ ಅಂಗಳದ ಹಾಸುಗಲ್ಲಿನ ಮೇಲೆ ಕಾಲಿಟ್ಟೆ. ಚುರ್ ಅಂತು! ಹಾರಿದೆ. ಇನ್ನೊಂದು ಕಾಲಿಟ್ಟೆ. ಅದೂ ಚುರ್!

"ಜನ ನೋಡಾಕತ್ತಾರ, ಏನ್ ಕುಣಿತ ಇದು?" ಎಂದು ಹೆಂಡತಿ ಗದರಿದಳು. ಆಮೇಲೆ ತಿಳಿದು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನು ಅಲ್ಲಿಂದಲೇ ಫೋನು ಮಾಡಿದೆ.

"ಅಕ್ಕಾರ, ಕಾಲು ಸುಡಾಕತ್ತಾವ್ರೀ!"

"ಏನಾತ್ರೀ? ಎಲ್ಲಿದ್ದೀರಿ?"

"ಹನುಮಪ್ಪನ ಗುಡಿಯಾಗ್ರಿ. ಕಲ್ಲು ಕಾದಾವು. ನನಗ ಗೊತ್ತಾಗಾಕತ್ತೈತ್ರೀ!"

ಆ ಕಡೆ ಅವರು ಅಳುವುದು ಕೇಳಿಸಿತು.

"ಆ ಬಾಟ್ಲಿ ನಿಮ್ಮ ಕೈಯಾಗ ಇಟ್ಟಾಕಿ ನಾನ್ರಿ" ಅಂದರು. "ಇವತ್ತು ಹೊಟ್ಟಿ ತುಂಬ ಉಣ್ತೇನಿ ನೋಡ್ರಿ. ಈಗ ಲಗೂ ನೆಳ್ಳಿಗೆ ಹೋಗ್ರಿ, ಬೊಬ್ಬಿ ಎದ್ದಾವು."

ಹೂಂ ಅಂದೆ. ಆದರೆ ಆ ಕಲ್ಲಿನಿಂದ ಕಾಲು ಕೀಳಲು ನನಗೆ ಮನಸ್ಸಾಗಲಿಲ್ಲ.