ಬೆರಕೆ ಬಿಹಿಯ ಬೀಜ

ಬೆಳಿಗ್ಗೆ ಹುಮನಾಬಾದಿನ ತಂಗಿಯ ಮನೆಯಲ್ಲಿ ಹಾಸಿಗೆ ಸುತ್ತಿಟ್ಟೆ, ಬುತ್ತಿಗೆ ರೊಟ್ಟಿ ಬಡಿದೆ, ತಂಬಿಗೆಗೆ ನೀರು ತುಂಬಿದೆ, ನಮ್ಮ ಯಜಮಾನರ ಕೆಮ್ಮಿಗೆ ಒಂದಿಷ್ಟು ಬೀಜ ಕುಟ್ಟಿ ಜೇನಿನಲ್ಲಿ ನೆಕ್ಕಿಸಿದೆ. ಮಿಲಿಟರಿಯಲ್ಲಿರುವ ಮೈದುನ ಕಾಶ್ಮೀರದಿಂದ ತಂದ ಹಣ್ಣಿನ ಬೀಜ ಅವು. ಬಿಹಿ ಎಂಬ ಸೇಬಿನಂಥ ಹಣ್ಣನ್ನೂ ನಾಸಪಾತಿಯನ್ನೂ ಕೂಡಿಸಿ ಬೆಳೆಸಿದ ಗಿಡದ್ದಂತೆ.

ಮಗಳ ಊರು ಕಲ್ಯಾಣದ ಬಸ್ಸಿಗೆ ಕಾಯುವಾಗ ಎದುರಿನ ಔಷಧಿ ಬೇರಿನ ಅಂಗಡಿಯಲ್ಲಿ ಇನ್ನಷ್ಟು ಬಿಹಿದಾಣಾ, ಅಂದರೆ ಬಿಹಿಯ ಬೀಜ, ಕೇಳಿದೆ. ಅಂಗಡಿಯ ಮುದುಕ ಅತ್ತಾರರು ಪೊಟ್ಟಣ ಕಟ್ಟುತ್ತ, "ಹ್ಯಾಂಗ ಕೊಡ್ತೀರಿ ಅಕ್ಕೋರೆ?" ಎಂದರು.

"ಕುಟ್ಟಿ, ಜೇನಿನಾಗ."

ಅವರ ಕೈ ನಿಂತಿತು. "ತೋಬಾ! ಇಡೀ ಬೀಜ ನೆನೆಸಿ ಲೋಳಿ ಅಷ್ಟೇ ಕುಡಿಸ್ಬೇಕ್ರಿ. ಒಡದ್ರ ಒಳಗ ಜಹರ್ ಅದ, ವಿಷ."

ಬೆಳಿಗ್ಗೆಯೇ ಕುಟ್ಟಿ ಕೊಟ್ಟೆನೆಂದೆ. ಬೀಜ ಬೆರಕೆ ಗಿಡದ್ದೆಂದು ಹೇಳಿದೆ.

"ಅದರ ಗುಣಾ ನಂಗ ತಿಳಿಯಂಗಿಲ್ರಿ. ದವಾಖಾನಿಗಿ ತೋರಿಸ್ರಿ."

ಅಂಗಡಿ ಮುಂದಿನ ಬೆಂಚಿನ ಮೇಲಿದ್ದ ಯಜಮಾನರು ನಕ್ಕರು. "ಇಷ್ಟ ವರ್ಷ ನಿನ್ನ ಕೈಯಡಿಗಿ ಉಂಡಾಂವ, ಬೀಜಕ್ಕ ಸಾಯ್ತೀನೇನ? ನಡಿ, ಬಸ್ ಬಂತು." ಹೇಳಹೇಳುತ್ತ ಹತ್ತಿಯೇಬಿಟ್ಟರು. ದಾರಿಯುದ್ದಕ್ಕೂ ಅವರ ಕಣ್ಣು ಮುಚ್ಚಿದರೆ ಸಾಕು, ಏನಾದರೊಂದು ಕೇಳಿ ಮಾತಾಡಿಸಿದೆ.

"ಸುಮ್ಕಿರ ಮಾರಾಯ್ತಿ, ಬಾಯಿ ನೋಯಾಕತ್ತದ," ಎಂದರು.

ಕಲ್ಯಾಣದಲ್ಲಿ ಮಗಳು ಜೋಳದ ಗಂಜಿ, ಮಜ್ಜಿಗೆ ಬಡಿಸಿದಳು. ಅವರು ಎರಡು ಸಲ ಹಾಕಿಸಿಕೊಂಡರು. ನಾನು ಗಂಜಿ ಬಿಟ್ಟು ಅವರ ಮುಖವನ್ನೇ ನೋಡುತ್ತ ಕುಳಿತೆ. ಮೊದಲು ಮಲಗಿದವರೂ ಅವರೇ. ದೀಪ ಸಣ್ಣದು ಮಾಡಲು ಮಗಳು ಬಂದಾಗ ಬೇಡವೆಂದೆ. ಹೊದಿಕೆ ಏರಿ ಇಳಿಯುವುದು ನನಗೆ ಕಾಣಬೇಕಿತ್ತು.